ಪುಟ್ಟದೊರೆಯ ಹಾಸಿಗೆ

ಮತದಾನ ಮುಗಿದ ಮಾರನೆಯ ದಿನವೇ ನಾಯಿಯನ್ನು ತಂದು ಬಿಡುತ್ತೇನೆ ಎಂದು ತಮ್ಮ ಹೇಳಿದ್ದ. ಮತದಾನ ಮುಗಿದು ಆರು ವಾರವಾಯಿತು. ತಮ್ಮನೂ ಬರಲಿಲ್ಲ, ನಾಯಿಯೂ ಬರಲಿಲ್ಲ. ಹಾಸಿಗೆಯಕ್ಕ ಮಾತ್ರ ದಿನಾ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದ ಕೂಡಲೇ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಒಮ್ಮೆ ಕಣ್ಣು ಹಾಯಿಸಿ, ಆಮೇಲೆ ಒಳಗೆ ಹೋಗುತ್ತಿದ್ದಳು.

ಆ ಬೀದಿಯಲ್ಲಿ ಹಾಸಿಗೆ ಹೊಲಿಯುವವಳು ಅವಳೊಬ್ಬಳೇ, ಹಾಗಾಗಿ ಎಲ್ಲರ ಬಾಯಲ್ಲೂ ಹಾಸಿಗೆಯಕ್ಕ. ವಯಸ್ಸು ಐವತ್ತೆಂಟು. ಮದುವೆಯಾಗಿ ನಾಲ್ಕೇ ವರ್ಷಕ್ಕೆ ಗಂಡ ತೀರಿಕೊಂಡಾಗ ಅಪ್ಪನ ಅಂಗಡಿಗೆ ಬಂದು ಕೂತವಳು ಮತ್ತೆ ಅಲ್ಲಿಂದ ಏಳಲಿಲ್ಲ. ಮುಂದೆ ಅಂಗಡಿ, ಹಿಂದೆ ಒಂದು ಕೋಣೆ, ನಡುವೆ ಹತ್ತಿಯ ಮೂಟೆಗಳು. ಅವಳು ಹೊಲಿದ ಹಾಸಿಗೆ ಹತ್ತು ವರ್ಷ ಮಲಗಿದರೂ ಕುಸಿಯುವುದಿಲ್ಲ ಎಂದು ಜನ ಹೇಳುತ್ತಿದ್ದರು. ಹಾಸಿಗೆ ಎಷ್ಟು ಮೆತ್ತಗೋ ಮಾತು ಅಷ್ಟೇ ಗಡಸು ಎಂದೂ ಅದೇ ಜನವೇ ಹೇಳುತ್ತಿದ್ದರು.

ಅವಳ ನಾಯಿಯ ಹೆಸರು ಚಿಂದಿ. ಆರು ವರ್ಷದ ಹಿಂದೆ ಹರಿದ ಗವಸುಗಳ ರಾಶಿಯಲ್ಲಿ ಯಾವುದೋ ತಾಯಿನಾಯಿ ಬಿಟ್ಟುಹೋಗಿದ್ದ ಮರಿ. ಕಂದು ಮೈ, ಎದೆಯ ಮೇಲೆ ಬಿಳಿ ಮಚ್ಚೆ, ಸದಾ ಮಡಚಿಕೊಂಡೇ ಇರುವ ಎಡಗಿವಿ. ಇಂಥ ನಾಯಿ ಯಾವ ಊರಿನ ಯಾವ ಬೀದಿಯಲ್ಲಾದರೂ ನಾಲ್ಕು ಸಿಕ್ಕಾವು. ಆದರೆ ಚಿಂದಿಗೆ ಒಂದು ವಿದ್ಯೆ ಬರುತ್ತಿತ್ತು, ಅದು ಬೇರೆ ಯಾವ ನಾಯಿಗೂ ಬರುವಂಥದ್ದಲ್ಲ.

ಹಾಸಿಗೆ ಹೊಲಿಯುವವರಿಗೆ ಇರುವ ದೊಡ್ಡ ಹೆದರಿಕೆ ಹತ್ತಿಯೊಳಗೆ ಸೂಜಿ ಉಳಿದುಬಿಡುವುದು. ಗಿರಾಕಿಯ ಬೆನ್ನಿಗೆ ಸೂಜಿ ಚುಚ್ಚಿದರೆ ಅಲ್ಲಿಗೆ ಅಂಗಡಿಯ ಕತೆ ಮುಗಿಯಿತು. ಅವಳ ಅಪ್ಪ ಏಳು ಸೂಜಿಗಳನ್ನು ಎಣಿಸಿ ತೆಗೆದು, ಎಣಿಸಿ ಇಡುತ್ತಿದ್ದ. ಅವಳಿಗೂ ಅದನ್ನೇ ಕಲಿಸಿದ್ದ. ಆದರೆ ಬಟ್ಟೆಯಲ್ಲಿ ಸರಾಗವಾಗಿ ಹೋಗಲಿ ಎಂದು ಅವಳು ನಾಲ್ಕು ಹೊಲಿಗೆಗೊಮ್ಮೆ ಸೂಜಿಯನ್ನು ತಲೆಗೂದಲಿಗೆ ಉಜ್ಜಿಕೊಳ್ಳುತ್ತಾಳೆ, ಕೂದಲೆಣ್ಣೆ ಸೂಜಿಗೆ ಹತ್ತುತ್ತದೆ. ಆ ವಾಸನೆ ಹಿಡಿದು ಚಿಂದಿ ಅಡಿ ಆಳದ ಹತ್ತಿಯೊಳಗಿನ ಸೂಜಿಯನ್ನೂ ಪತ್ತೆ ಮಾಡುತ್ತಿದ್ದ. ಹಾಸಿಗೆ ಮುಗಿದ ಕೂಡಲೇ ಅದರ ಮೇಲೆ ಮೂಸುತ್ತಾ ಅಡ್ಡಾಡುವನು. ಸೂಜಿ ಇಲ್ಲದಿದ್ದರೆ ಇಳಿದು ತನ್ನ ಪಾಡಿಗೆ ಹೋಗುವನು. ಇದ್ದರೆ ಅದರ ಮೇಲೆಯೇ ಕೂತುಬಿಡುವನು, ಮುಂಗಾಲು ಎರಡೂ ಅಗಲ ಮಾಡಿ, ನಡುವೆ ಮೂಗು ಊರಿ. ಅವಳು ಹೊಲಿಗೆ ಬಿಚ್ಚಿ, ಸೂಜಿ ತೆಗೆದು ಮೂಗಿಗೆ ಹಿಡಿದು ತೋರಿಸುವವರೆಗೆ ಆನೆ ಬಂದು ಎಳೆದರೂ ಏಳುತ್ತಿರಲಿಲ್ಲ. ಇಂಥವನು ಮನೆಯಲ್ಲಿರುವಾಗ ಎಣಿಸುವ ಉಸಾಬರಿ ಯಾಕೆ? ಎಣಿಕೆ ತಾನಾಗಿಯೇ ಬಿಟ್ಟುಹೋಯಿತು.

ಈಗ ಇನ್ನೊಂದು ನಾಯಿಯ ವಿಷಯ. ದೇಶದ ನಾಯಕರ ಮನೆಯಲ್ಲೂ ಇಂಥದ್ದೇ ಒಂದು ಕಂದು ನಾಯಿ ಇತ್ತು. ನಾಯಕರು ಗೆದ್ದ ಹೊಸತರಲ್ಲಿ ಅವರ ವಯಸ್ಸಾದ ತಾಯಿ ಅದನ್ನು ಬೀದಿಯಿಂದ ಎತ್ತಿ ತಂದಿದ್ದರು. ಪತ್ರಿಕೆಯವರು ಅದಕ್ಕೆ ಪುಟ್ಟದೊರೆ ಎಂದು ಹೆಸರಿಟ್ಟರು. ಅಲ್ಲಿಂದ ಶುರುವಾಯಿತು ನೋಡಿ ಹುಚ್ಚು. ದಿನಾ ಬೆಳಿಗ್ಗೆ ಏಳಕ್ಕೆ ಟಿವಿಯಲ್ಲಿ ಐದು ನಿಮಿಷ ಪುಟ್ಟದೊರೆಯ ವಾಯುವಿಹಾರ. ಮಕ್ಕಳ ಶಾಲೆಯ ಚೀಲದ ಮೇಲೆ ಪುಟ್ಟದೊರೆ, ದೊಡ್ಡವರ ಗಡಿಯಾರದೊಳಗೆ ಪುಟ್ಟದೊರೆ. ಪತ್ರಿಕೆಗಳಲ್ಲಿ ‘ಪುಟ್ಟದೊರೆಯವರು ನಿನ್ನೆ ಹಾಲು ನಿರಾಕರಿಸಿದರು’ ಎಂದು ಬಹುವಚನದಲ್ಲಿ ಬರೆಯುತ್ತಿದ್ದರು. ನಾಯಕರನ್ನು ಕಂಡರೆ ಆಗದವರೂ ನಾಯಿಯನ್ನು ಬಿಟ್ಟುಕೊಡುತ್ತಿರಲಿಲ್ಲ. ದೊಡ್ಡ ದೊಡ್ಡ ಮನೆಯವರು ದುಬಾರಿ ಜಾತಿನಾಯಿಗಳನ್ನು ಮೂಲೆಗೆ ತಳ್ಳಿ, ಕಂದು ಬಣ್ಣದ ಬೀದಿಮರಿಗಳಿಗಾಗಿ ಸಂದಿಗೊಂದಿ ಅಲೆದರು.

ಚುನಾವಣೆಗೆ ಎಂಟು ದಿನ ಇರುವಾಗ ಪುಟ್ಟದೊರೆ ಸತ್ತುಹೋಯಿತು. ಏನೋ ಹೊಟ್ಟೆಯ ಬೇನೆ, ಒಂದೇ ಮಧ್ಯಾಹ್ನದಲ್ಲಿ ಮುಗಿಯಿತು. ನಾಯಕರ ಸೆಕ್ರೆಟರಿಗೆ ಕೈಕಾಲು ಆಡಲಿಲ್ಲ. ಇಡೀ ದೇಶ ಅಳುತ್ತಾ ಮತಗಟ್ಟೆಗೆ ಹೋದರೆ ಯಾರಿಗೆ ಒತ್ತುತ್ತದೋ ಯಾರು ಬಲ್ಲರು? ಆಗ ಆ ಮನೆಯ ಕಾರು ಓಡಿಸುತ್ತಿದ್ದ ಡ್ರೈವರ್, ಅಂದರೆ ನಮ್ಮ ಹಾಸಿಗೆಯಕ್ಕನ ತಮ್ಮ, ಬಾಯಿ ಬಿಟ್ಟ. ‘ಸಾರ್, ನಮ್ಮಕ್ಕನ ಹತ್ರ ಥೇಟ್ ಇಂಥದ್ದೇ ಒಂದಿದೆ.’

ಅವನನ್ನು ಬೈದು ಏನು ಬಂತು. ಹನ್ನೆರಡು ವರ್ಷ ಚಿಕ್ಕವನು, ತಾಯಿ ಹೋದ ಮೇಲೆ ಅವಳೇ ಎತ್ತಿ ಆಡಿಸಿ ಬೆಳೆಸಿದವನು. ಅವತ್ತು ಅಂಗಡಿಗೆ ಬಂದು ಹತ್ತಿಯ ಮೂಟೆಯ ಮೇಲೆ ಕೂತು ಬೆವರು ಒರೆಸಿಕೊಂಡ.

‘ಎಂಟೇ ದಿನ ಅಕ್ಕಾ. ಮತದಾನ ಮುಗಿದ ಮಾರನೇ ದಿನ ನಾನೇ ತಂದು ಬಿಡ್ತೀನಿ. ಬಾಯಿ ಬಿಟ್ಟಾಗಿದೆ, ಈಗ ಇಲ್ಲ ಅಂದ್ರೆ ನನ್ನ ಕೆಲಸ ಹೋಗುತ್ತೆ.’

‘ಬಾಯಿ ಬಿಡೋವಾಗ ನನ್ನ ಕೇಳಿದ್ಯಾ?’ ಎಂದಳು ಅವಳು. ಆದರೂ ಕೊಟ್ಟಳು. ಚಿಂದಿ ಕಾರು ಹತ್ತಿ, ಹಿಂದಿನ ಗಾಜಿಗೆ ಮೂಗು ಒತ್ತಿ, ತಿರುವು ದಾಟುವವರೆಗೂ ಅವಳನ್ನೇ ನೋಡುತ್ತಿದ್ದ. ಎಂಟು ದಿನ ತಾನೇ ಎಂದು ಅವಳು ಕೈ ಕೂಡ ಬೀಸಲಿಲ್ಲ. ಆಮೇಲೆ ಆ ಒಂದು ಕೈ ಬೀಸದೆ ಹೋದದ್ದಕ್ಕೆ ಅವಳು ತನ್ನನ್ನು ಬೈದುಕೊಂಡಷ್ಟು ತಮ್ಮನನ್ನೂ ಬೈಯಲಿಲ್ಲ.

ನಾಯಕರು ಗೆದ್ದರು. ಪ್ರಮಾಣವಚನದ ದಿನ ನಾಯಿ ಪಕ್ಕದಲ್ಲಿರಬೇಕು ಎಂದರು. ಆಮೇಲೆ ವಿದೇಶದ ಅತಿಥಿಗಳು ಬರುತ್ತಾರೆ ಎಂದರು. ಆಮೇಲೆ ತಮ್ಮ ಫೋನು ಎತ್ತುವುದನ್ನೇ ಕಡಿಮೆ ಮಾಡಿದ.

ಅವಳ ನಾಯಿ ಎಲ್ಲಿದೆ ಎಂದು ಅವಳಿಗೆ ಗೊತ್ತಿತ್ತು. ಅದೇ ಸಂಕಟ. ಕಳೆದುಹೋಗಿದ್ದರೆ ಹುಡುಕಬಹುದಿತ್ತು, ಸತ್ತಿದ್ದರೆ ಅತ್ತು ಸುಮ್ಮನಾಗಬಹುದಿತ್ತು. ಇವನು ದಿನಾ ಬೆಳಿಗ್ಗೆ ಏಳಕ್ಕೆ ಎದುರಿನ ಇಸ್ತ್ರಿ ಅಂಗಡಿಯ ಟಿವಿಯಲ್ಲಿ ಬಂದು ಹುಲ್ಲಿನ ಮೇಲೆ ಓಡಾಡಿ ಹೋಗುತ್ತಿದ್ದ, ಅವಳು ಬೀದಿಯ ಈ ಬದಿಯಲ್ಲಿ ನಿಂತು ನೋಡುತ್ತಿದ್ದಳು. ನನ್ನದು ಎಂದು ಹೇಳುವ ಹಾಗಿಲ್ಲ. ನಾಯಿ ಎಲ್ಲಿ ಎಂದು ಯಾರಾದರೂ ಕೇಳಿದರೆ ತಪ್ಪಿಸಿಕೊಂಡು ಹೋಯಿತು ಎಂದು ಹೇಳಬೇಕಿತ್ತು. ಹಾಗೆ ಹೇಳಿದಾಗಲೆಲ್ಲ ನಾಲಿಗೆ ಕಹಿಯಾಗುತ್ತಿತ್ತು.

ಇಸ್ತ್ರಿಯವನೋ, ಪುಟ್ಟದೊರೆಯ ಪರಮಭಕ್ತ. ಇದೇ ಚಿಂದಿ ಅವನ ಇದ್ದಿಲಿನ ಚೀಲಕ್ಕೆ ಕಾಲೆತ್ತಿದಾಗ ಬಿಸಿನೀರು ಎರಚಿದವನು ಅವನು. ಈಗ ಏಳು ಗಂಟೆಗೆ ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟು, ಟಿವಿಯ ಮುಂದೆ ಕೈ ಕಟ್ಟಿ ನಿಲ್ಲುತ್ತಿದ್ದ.

‘ಬೇಜಾರ್ ಮಾಡ್ಕೋಬೇಡಿ ಅಕ್ಕಾ,’ ಎಂದು ಒಂದು ದಿನ ಪುಟ್ಟದೊರೆಯ ಬಣ್ಣದ ಪಟವೊಂದನ್ನು ತಂದುಕೊಟ್ಟ. ‘ನಿಮ್ಮ ಚಿಂದೀನೂ ನೋಡೋಕೆ ಒಂಚೂರು ಹೀಗೇ ಇತ್ತು. ಆದ್ರೆ ಆ ಕಳೆ ಎಲ್ಲಿಂದ ಬರಬೇಕು ಹೇಳಿ? ನಡಿಗೆ ನೋಡಿ, ನಡಿಗೆ! ಹುಟ್ಟು ಗುಣ ಅದು.’

ಅವಳು ಪಟ ಇಸಿದುಕೊಂಡಳು. ‘ಹೌದಪ್ಪ, ಕಳೆ ಇದೆ,’ ಎಂದಳು. ಗೋಡೆಗೆ ಹಚ್ಚಲಿಲ್ಲ, ದಿಂಬಿನ ಕೆಳಗೆ ಇಟ್ಟುಕೊಂಡಳು.

ಏಳನೆಯ ವಾರ ತಮ್ಮ ಬಂದ. ಒಬ್ಬನೇ ಬಂದ. ಕಾರಿನ ಬಾಗಿಲು ಒಂದೇ ಸಲ ಸದ್ದಾದದ್ದು ಕೇಳಿಯೇ ಅವಳಿಗೆ ಗೊತ್ತಾಯಿತು.

‘ಅವನಿಗೆ ಅಲ್ಲಿ ನಿದ್ದೆ ಬರ್ತಿಲ್ಲ ಅಕ್ಕಾ,’ ಎಂದ. ‘ಹೊರದೇಶದಿಂದ ಮೂರು ಹಾಸಿಗೆ ತರಿಸಿದ್ರು, ಮೂರನ್ನೂ ಹರಿದು ಚಿಂದಿ ಮಾಡಿ ಹಾಕಿದ. ನೆಲದ ಮೇಲೇ ಸುತ್ತುತಾ ಇರ್ತಾನೆ. ನೀನೊಂದು ಸಣ್ಣ ಹಾಸಿಗೆ ಹೊಲಿದು ಕೊಡು. ಇಲ್ಲಿನ ವಾಸನೆ ಇದ್ರೆ ಮಲಗ್ತಾನೆ.’

‘ಕರ್ಕೊಂಡು ಬಾ. ಇಲ್ಲೇ ಮಲಗ್ತಾನೆ.’

‘ಅಕ್ಕಾ, ನನ್ನ ಕೈಲಿ ಇಲ್ಲ ಅದು.’

‘ಮತ್ತೆ ಯಾರ ಕೈಲಿದೆ? ಕೊಟ್ಟಿದ್ದು ನಿನ್ನ ಕೈಗೆ ತಾನೇ?’

ಅವಳಿಗೆ ಸಿಟ್ಟು ನೆತ್ತಿಗೇರಿತ್ತು. ಆದರೆ ಏಳು ವಾರದಿಂದ ನಿದ್ದೆಯಿಲ್ಲದ ನಾಯಿ ಕಣ್ಣ ಮುಂದೆ ಬಂದಾಗ ಸಿಟ್ಟನ್ನು ಇಟ್ಟುಕೊಂಡು ಏನು ಮಾಡುವುದು? ಆ ಕ್ಷಣವೇ ಕತ್ತರಿ ಹಿಡಿದಳು. ತನ್ನದೇ ಹಳೆಯ ಹೊದಿಕೆಯನ್ನು ಕತ್ತರಿಸಿ ಗವಸು ಮಾಡಿದಳು. ಹತ್ತಿ ತುಂಬಿ, ಕೋಲಿನಿಂದ ಬಡಿದು ಹದ ಮಾಡಿದಳು. ಅಂಚು ಹೊಲಿಯುವಾಗ ಕಣ್ಣು ಮಂಜಾಗುತ್ತಿತ್ತು, ಸೂಜಿಯನ್ನು ಮತ್ತೆ ಮತ್ತೆ ತಲೆಗೆ ಉಜ್ಜಿಕೊಳ್ಳುತ್ತಿದ್ದಳು, ಬೇಕಿದ್ದದ್ದಕ್ಕಿಂತ ಹೆಚ್ಚೇ ಉಜ್ಜಿಕೊಳ್ಳುತ್ತಿದ್ದಳು. ಹೊರಗೆ ತಮ್ಮ ಗಂಟೆ ನೋಡುತ್ತಾ ಅವಸರಪಡಿಸುತ್ತಿದ್ದ. ಕೊನೆಯ ಗಂಟು ಹಾಕಿ ಹಾಸಿಗೆಯನ್ನು ಸುತ್ತಿ ಅವನ ತೋಳಿಗೆ ತುರುಕಿ, ಅವನ ಮುಖ ನೋಡದೆ ಒಳಗೆ ಹೋದಳು.

ಮಾರನೆಯ ದಿನ ಬೆಳಿಗ್ಗೆ ಏಳಕ್ಕೆ ಪುಟ್ಟದೊರೆ ಟಿವಿಯಲ್ಲಿ ಬರಲಿಲ್ಲ. ಅದರ ಮಾರನೆಯ ದಿನವೂ ಬರಲಿಲ್ಲ. ಮೂರನೆಯ ದಿನ ಸುದ್ದಿ ಹೊರಗೆ ಬಿತ್ತು. ಪುಟ್ಟದೊರೆಯವರು ತಮ್ಮ ಹೊಸ ಹಾಸಿಗೆಯ ಮೇಲೆ ಕೂತಿದ್ದಾರೆ, ಏಳುತ್ತಿಲ್ಲ. ಊಟ ಮುಟ್ಟುತ್ತಿಲ್ಲ, ನೀರು ಕುಡಿಯುತ್ತಿಲ್ಲ, ಹತ್ತಿರ ಹೋದವರಿಗೆ ಗುರ್ ಎನ್ನುತ್ತಾರೆ.

ದೇಶ ಅಲ್ಲೋಲ ಕಲ್ಲೋಲವಾಯಿತು. ಬೆಲೆ ಏರಿಕೆಯ ವಿರುದ್ಧ ನಾಯಿಯೇ ಧರಣಿ ಕೂತಿದೆ ಎಂದು ವಿರೋಧಪಕ್ಷದವರು ಹೇಳಿದರು. ಇಲ್ಲ, ಅವರು ದೇಶದ ಒಳಿತಿಗಾಗಿ ಧ್ಯಾನಕ್ಕೆ ಕೂತಿದ್ದಾರೆ ಎಂದು ಆಳುವವರು ಹೇಳಿದರು. ಆರು ಮಂದಿ ಪಶುವೈದ್ಯರು ಬಂದು ಆರು ಬಗೆಯ ಕಾಯಿಲೆ ಕಂಡುಹಿಡಿದರು. ನಾಯಕರ ಮನೆಯ ಗೇಟಿನ ಮುಂದೆ ಜನ ಹೂವು ಹಿಡಿದು ಸಾಲುಗಟ್ಟಿದರು. ನಮ್ಮ ಇಸ್ತ್ರಿಯವನೂ ಊಟ ಬಿಟ್ಟ, ಮಧ್ಯಾಹ್ನದವರೆಗೆ.

ಆ ಸಂಜೆ ಟಿವಿಯಲ್ಲಿ ಕೋಣೆಯ ಬಾಗಿಲಿನಿಂದ ತೆಗೆದ ಚಿತ್ರ ತೋರಿಸಿದರು. ಹಾಸಿಗೆಯಕ್ಕ ಬೀದಿ ದಾಟಿ ಹೋಗಿ ಜನರ ನಡುವೆ ನುಗ್ಗಿ ನಿಂತಳು. ಮುಂಗಾಲು ಎರಡೂ ಅಗಲ. ನಡುವೆ ಮೂಗು ಊರಿದೆ. ಮಡಚಿದ ಕಿವಿ ಒಂದಿಷ್ಟೂ ಅಲುಗುತ್ತಿಲ್ಲ. ಅಂಗಡಿಗೆ ಓಡಿಬಂದು ಸೂಜಿ ಚುಚ್ಚಿಡುವ ಬಟ್ಟೆಯ ಉಂಡೆಯನ್ನು ಬೆಳಕಿಗೆ ಹಿಡಿದಳು. ಒಂದು, ಎರಡು, ಮೂರು, ನಾಲ್ಕು, ಐದು, ಆರು. ಮತ್ತೆ ಎಣಿಸಿದಳು. ಆರು.

ಫೋನಿನಲ್ಲಿ ತಮ್ಮ ಪಿಸುಗುಟ್ಟಿದ. ‘ನೀನು ಇಲ್ಲಿಗೆ ಬರೋ ಹಾಗಿಲ್ಲ ಅಕ್ಕಾ. ಯಾರಾದ್ರೂ ನೋಡಿದ್ರೆ...’

‘ಹಾಸಿಗೇಲಿ ಸೂಜಿ ಬಿಟ್ಟಿದೀನಿ ಕಣೋ. ಅವನು ಕಾಯ್ತಾ ಇದಾನೆ. ನಾನು ಬಂದು ತೆಗೆಯೋವರೆಗೂ ಏಳಲ್ಲ, ಸಾಯ್ತಾನೆ. ಈಗ ನೀನು ನನ್ನ ಕರ್ಕೊಂಡು ಹೋಗ್ಲಿಲ್ಲ ಅಂದ್ರೆ ಬೀದೀಲಿ ನಿಂತ್ಕೊಂಡು ಅದು ನನ್ನ ನಾಯಿ ಅಂತ ಕೂಗ್ತೀನಿ. ನೋಡ್ತಾ ಇರು.’

ಅವಳು ಹೇಳಿದ್ದನ್ನು ಮಾಡುವವಳು ಎಂದು ತಮ್ಮನಿಗೆ ಗೊತ್ತಿತ್ತು. ಅರ್ಧ ಗಂಟೆಯಲ್ಲಿ ಕಾರು ಬಂತು.

ಸೆಕ್ರೆಟರಿ ಅವಳನ್ನು ಹಿಂಬಾಗಿಲಿನಿಂದ ಒಳಗೆ ಬಿಟ್ಟುಕೊಂಡ. ತೆಳ್ಳಗಿನ ಮನುಷ್ಯ, ಮೂರು ದಿನದಿಂದ ಗಡ್ಡ ಹೆರೆದಿರಲಿಲ್ಲ. ‘ಹಾಸಿಗೆ ರಿಪೇರಿಯವರು,’ ಎಂದು ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಾ ನಡೆದ. ಉದ್ದನೆಯ ನಡುಮನೆ, ಅದರಾಚೆ ನಾಯಕರ ತಾಯಿಯ ಕೋಣೆ. ಎತ್ತರದ ಕಿಟಕಿ, ಗೋಡೆಗೆ ಒರಗಿದ ಮಂಚ, ಅದರ ಪಕ್ಕ ನೆಲದ ಮೇಲೆ ಅವಳ ಹಳೆಯ ಹೊದಿಕೆಯ ಹಾಸಿಗೆ. ಹಾಸಿಗೆಯ ಮೇಲೆ ಚಿಂದಿ.

ಎಷ್ಟು ಇಳಿದುಹೋಗಿದ್ದ! ಪಕ್ಕೆಲುಬು ಒಂದೊಂದಾಗಿ ಕಾಣುತ್ತಿತ್ತು. ಅವಳ ಹೆಜ್ಜೆ ಕೇಳಿ ತಲೆ ಎತ್ತಿದ. ಬಾಲ ನೆಲಕ್ಕೆ ಪಟಪಟ ಬಡಿಯಿತು. ಇಡೀ ಮೈ ನಡುಗಿತು. ಗಂಟಲಿನಿಂದ ಸಣ್ಣಗೆ ಒಂದು ಸದ್ದು ಹೊರಟಿತು. ಆದರೆ ಅವನು ಏಳಲಿಲ್ಲ. ಎರಡು ತಿಂಗಳ ಮೇಲೆ ಅವಳನ್ನು ಕಂಡೂ, ಓಡಿಬಂದು ಮೈಮೇಲೆ ಬೀಳಬೇಕೆಂದು ಮೈಯೆಲ್ಲ ಎಳೆಯುತ್ತಿದ್ದರೂ, ಕೂತ ಜಾಗ ಬಿಡಲಿಲ್ಲ. ಸೂಜಿ ಇನ್ನೂ ಒಳಗೇ ಇತ್ತಲ್ಲ.

ಹಾಸಿಗೆಯಕ್ಕ ಅಲ್ಲೇ ಕುಸಿದು ಕೂತು ಅತ್ತಳು. ಆರು ಜನ ವೈದ್ಯರು ನೋಡುತ್ತಿದ್ದಾರೆ ಎಂಬುದು ಅವಳ ಲೆಕ್ಕಕ್ಕೇ ಬರಲಿಲ್ಲ. ಅಳುತ್ತಲೇ ಅವನ ಕಾಲುಗಳ ನಡುವೆ ಕೈ ಹಾಕಿ ಹೊಲಿಗೆ ಬಿಚ್ಚಿದಳು. ಹತ್ತಿಯೊಳಗೆ ಬೆರಳಾಡಿಸಿದಳು. ಸಿಕ್ಕಿತು. ಹೊರಗೆ ತೆಗೆದು ಅವನ ಮೂಗಿಗೆ ಹಿಡಿದಳು.

‘ನೋಡು. ತೆಗೆದೆ. ಏಳಪ್ಪಾ ಈಗ.’

ಚಿಂದಿ ಮೂಸಿ ನೋಡಿದ. ನಿಧಾನವಾಗಿ ಎದ್ದ, ಕಾಲು ತಡವರಿಸಿತು. ಮೊದಲು ಅವಳ ಮುಖ ನೆಕ್ಕಿದ, ಆಮೇಲೆ ನೀರಿನ ಬಟ್ಟಲಿಗೆ ಬಾಯಿ ಹಾಕಿ ಒಂದೇ ಸಮನೆ ಕುಡಿದ. ಆ ಕೋಣೆಯಲ್ಲಿ ನೀರು ಕುಡಿಯುವ ಸದ್ದು ಬಿಟ್ಟು ಬೇರೆ ಸದ್ದಿರಲಿಲ್ಲ. ನಾಯಕರು ಸ್ವತಃ ತಮ್ಮ ಕೈಯಾರೆ ತಿನ್ನಿಸಿದ ಮೇಲೆ ಪುಟ್ಟದೊರೆ ಚೇತರಿಸಿಕೊಂಡರು ಎಂಬ ಹೇಳಿಕೆ ಬರೆಯಲು ಸೆಕ್ರೆಟರಿ ಆಗಲೇ ಹೊರಗೆ ಓಡಿದ್ದ.

‘ಎಲ್ಲರೂ ಹೊರಗೆ ಹೋಗಿ,’ ಎಂದಿತು ಮಂಚದ ಮೇಲಿನಿಂದ ಒಂದು ದನಿ.

ನಾಯಕರ ತಾಯಿ. ಒಣಗಿದ ಕೈ, ದಪ್ಪ ಕನ್ನಡಕ. ವೈದ್ಯರು ಹೊರಟು ಬಾಗಿಲು ಮುಚ್ಚುವವರೆಗೆ ಕಾದು, ಆಮೇಲೆ ಕೇಳಿದರು: ‘ನಿಂದಾ ಇವನು?’

‘ಹೂಂ ಅಮ್ಮಾ. ನಂದೇ.’

‘ನಂಗೊತ್ತಿತ್ತು, ಯಾರದೋ ಅಂತ. ನಮ್ಮದು ಸತ್ತಿದ್ದು ನನ್ನ ಮಡಿಲಲ್ಲೇ. ಅದರ ಮೈ ಆರೋ ಮುಂಚೆ ಎತ್ಕೊಂಡು ಹೋದ್ರು. ಸಂಜೆ ಇವನನ್ನ ತಂದು ಬಿಟ್ಟು, ಅಮ್ಮಾ, ಅಳಬೇಡಿ, ಯಾರಾದ್ರೂ ಕೇಳಿಸ್ಕೋತಾರೆ ಅಂದ್ರು. ಅಳೋದಕ್ಕೂ ಬಿಡಲಿಲ್ಲ ನನ್ನ.’ ಮುದುಕಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. ‘ಇವನೂ ಯಾರಿಗೋ ಹಂಬಲಿಸ್ತಿದ್ದ. ನಾನೂ ಹಂಬಲಿಸ್ತಿದ್ದೆ. ಇಬ್ಬರೂ ಹೀಗೇ ಒಬ್ಬರ ಮುಖ ಒಬ್ಬರು ನೋಡ್ಕೊಂಡು ಕಾಲ ಹಾಕಿದ್ವಿ. ಏನಂತ ಕರೀತಿದ್ದೆ?’

‘ಚಿಂದಿ.’

‘ಚಿಂದಿ,’ ಎಂದರು ಮುದುಕಿ. ನಾಯಿ ತಿರುಗಿ ನೋಡಿತು. ಮುದುಕಿ ನಕ್ಕರು. ‘ನೋಡು, ನಾನು ಆ ಪುಟ್ಟದೊರೆ ಅನ್ನೋ ಹಾಳು ಹೆಸರು ಹಿಡಿದು ಕರೆದ್ರೆ ಒಂದು ದಿನವೂ ತಿರುಗಲಿಲ್ಲ.’

ಹಾಸಿಗೆಯಕ್ಕ ಗಟ್ಟಿ ಮನಸ್ಸು ಮಾಡಿದಳು. ಬಂದದ್ದೇ ಅದಕ್ಕೆ. ‘ಅಮ್ಮಾ, ನಾನು ಇವನನ್ನ ಕರ್ಕೊಂಡು ಹೋಗ್ಲಾ?’

ಮುದುಕಿ ಕನ್ನಡಕವನ್ನು ಮತ್ತೆ ಹಾಕಿಕೊಂಡರು. ‘ನಾನು ನನ್ನ ಮಗನಿಗೆ ಹೇಳಿದೆ, ಕೊಟ್ಟುಬಿಡು ಅಂತ. ಈಗ ಕೊಟ್ರೆ ಸತ್ತ ದಿನದಿಂದ ಎಲ್ಲಾ ಹೇಳಬೇಕಾಗುತ್ತೆ, ಜನ ಕ್ಷಮಿಸಲ್ಲ, ಅವಧಿ ಮುಗೀಲಿ ಅಂತಾನೆ. ಇನ್ನೂ ಐದು ವರ್ಷ. ಇವನಿಗೆ ಈಗೆಷ್ಟು?’

‘ಆರು.’

‘ಆರು,’ ಎಂದರು ಮುದುಕಿ. ಉಳಿದ ಲೆಕ್ಕವನ್ನು ಇಬ್ಬರೂ ಮನಸ್ಸಿನಲ್ಲೇ ಮಾಡಿದರು. ಐದು ವರ್ಷವೆಂದರೆ ನಾಯಿಯ ಉಳಿದ ಆಯಸ್ಸು ಬಹುಪಾಲು ಅಲ್ಲೇ ಕಳೆದುಹೋಗುತ್ತದೆ.

ಹೊರಗೆ ಗೇಟಿನ ಬಳಿ ಜಯಕಾರ ಕೇಳಿಸಿತು. ಪುಟ್ಟದೊರೆ ನೀರು ಕುಡಿದ ಸುದ್ದಿ ಮುಟ್ಟಿರಬೇಕು. ಆ ಗದ್ದಲವನ್ನು ದಾಟಿ ಒಂದು ನಾಯಿಯನ್ನು ಕಂಕುಳಲ್ಲಿ ಅವುಚಿಕೊಂಡು ಹೋಗುವುದು ಹೇಗೆ ಎಂದು ಹಾಸಿಗೆಯಕ್ಕ ಯೋಚಿಸಿ ನೋಡಿದಳು. ಮೊದಲು ತಮ್ಮನನ್ನು ಹಿಡಿಯುತ್ತಾರೆ. ಅವನಿಗೆ ಎರಡು ಮಕ್ಕಳು.

ಮುದುಕಿ ಮಂಚದಿಂದ ಮುಂದಕ್ಕೆ ಬಾಗಿ, ಗುಟ್ಟು ಹೇಳುವಂತೆ ದನಿ ತಗ್ಗಿಸಿದರು. ‘ಈ ಹಾಸಿಗೆ ಬಿಚ್ಚಿಹೋಯ್ತಲ್ಲ, ಇನ್ನೊಂದು ಹೊಲಿಸ್ತಾರೆ. ನೀನೇ ಹೊಲಿ. ಇವನನ್ನ ನೋಡಬೇಕು ಅನ್ನಿಸಿದಾಗ ಒಂದು ಸೂಜಿ ಬಿಟ್ಟುಬಿಡು. ಇವನು ಕೂರ್ತಾನೆ, ಅವರು ಬಂದು ನಿನ್ನ ಕರೀಲೇಬೇಕು. ಬೇರೆ ದಾರಿ ಏನಿದೆ ಅವರಿಗೆ? ನಾನು ಯಾರಿಗೂ ಹೇಳಲ್ಲ.’ ಕನ್ನಡಕದ ಹಿಂದೆ ಕಣ್ಣು ಹೊಳೆಯುತ್ತಿತ್ತು. ‘ನನಗೂ ಮಾತಾಡೋಕೆ ಒಬ್ಬರು ಬಂದ ಹಾಗೆ ಆಗುತ್ತೆ.’

ಹೊರಡುವಾಗ ಚಿಂದಿ ಅವಳ ಕಾಲಿಗೆ ಅಂಟಿಕೊಂಡೇ ಬಾಗಿಲವರೆಗೆ ಬಂದ. ಮನೆಗೆ ಹೋಗುತ್ತೇವೆ ಎಂದೇ ಅವನು ತಿಳಿದಿದ್ದ. ಮುದುಕಿ ಮಂಚ ಇಳಿದು ಬಂದು ಕೊರಳಪಟ್ಟಿ ಹಿಡಿದುಕೊಂಡರು. ಹಾಸಿಗೆಯಕ್ಕ ಈ ಸಲ ಕೈ ಬೀಸಿದಳು. ಬೀಸಿ ಬಾಗಿಲು ಎಳೆದುಕೊಂಡಳು. ಒಳಗಿನಿಂದ ಬಾಗಿಲು ಕೆರೆಯುವ ಸದ್ದು ನಡುಮನೆಯ ಉದ್ದಕ್ಕೂ ಅವಳ ಹಿಂದೆಯೇ ಬಂತು. ಕಾರಿನಲ್ಲಿ ತಮ್ಮ ಏನೋ ಹೇಳಲು ಬಾಯಿ ತೆರೆದ. ‘ಸುಮ್ನೆ ಗಾಡಿ ಓಡಿಸು,’ ಎಂದಳು.

ಹಾಸಿಗೆಗೆ ಹೇಳಿಕಳಿಸಿದರು, ಮುದುಕಿ ಹೇಳಿದಂತೆಯೇ. ಈ ಸಲ ಅವಸರವಿರಲಿಲ್ಲ, ಮೂರು ದಿನ ಕೊಟ್ಟರು. ಹಾಸಿಗೆಯಕ್ಕ ಬೇರೆ ಕೆಲಸವನ್ನೆಲ್ಲ ಪಕ್ಕಕ್ಕಿಟ್ಟಳು. ಗಂಡನ ಕಾಲದಿಂದ ಪೆಟ್ಟಿಗೆಯಲ್ಲಿಟ್ಟಿದ್ದ ಒಳ್ಳೆಯ ದಪ್ಪ ಬಟ್ಟೆ ತೆಗೆದಳು. ಹತ್ತಿಯನ್ನು ಎರಡು ಸಲ ಬಿಡಿಸಿ ಒಂದು ಕಸ ಇಲ್ಲದಂತೆ ಮಾಡಿದಳು. ಕೈ ಕೆಲಸ ಮಾಡುತ್ತಿತ್ತು. ತಲೆಯಲ್ಲಿ ಮಾತ್ರ ಒಂದೇ ಮಾತು ತಿರುಗುತ್ತಿತ್ತು: ಒಂದು ಸೂಜಿ, ಒಂದೇ ಒಂದು ಸೂಜಿ.

ಅದರಲ್ಲಿ ತಪ್ಪೇನು? ಅವಳು ಯಾರ ಮನೆಯನ್ನೂ ಒಡೆಯುತ್ತಿರಲಿಲ್ಲ. ತನ್ನ ನಾಯಿಯನ್ನು ತಾನು ನೋಡುವುದಕ್ಕೆ ಇರುವುದೇ ಅಷ್ಟು ದಾರಿ. ತಿಂಗಳಿಗೊಂದು ಸಲ ಹೋಗಬಹುದು. ಮುದುಕಿಯ ಕೋಣೆಯ ನೆಲದ ಮೇಲೆ ಕೂತು, ಅವನ ಮಡಚಿದ ಕಿವಿಯನ್ನು ಬೆರಳಲ್ಲಿ ಬಿಡಿಸಿ, ಮತ್ತೆ ಮಡಚಿಕೊಳ್ಳುವುದನ್ನು ನೋಡಬಹುದು. ಅಂಗಡಿಯ ಹಿಂದಿನ ಕೋಣೆಯಲ್ಲಿ ಮಲಗಿದಾಗ ಕಾಲ ಬುಡದಲ್ಲಿ ಆ ಭಾರವಿಲ್ಲದೆ ಅವಳಿಗೆ ನಿದ್ದೆ ಹತ್ತುತ್ತಿರಲಿಲ್ಲ ಎಂಬುದನ್ನು ಯಾರಿಗೆ ಹೇಳುವುದು? ಅವಳಿಗೆ ಅವನು ಬೇಕಿತ್ತು. ಬಾಯಾರಿದವರಿಗೆ ನೀರು ಬೇಕಾಗುವಂತೆ ಬೇಕಿತ್ತು.

ಮೂರನೆಯ ಮಧ್ಯಾಹ್ನ ಹೊಲಿಯುವುದಕ್ಕೆ ಉಳಿದದ್ದು ಒಂದು ಮೊಳ ಅಂಚು. ಅವಳು ಒಂದು ಸೂಜಿಯನ್ನು ತಲೆಗೆ ಚೆನ್ನಾಗಿ ಉಜ್ಜಿ, ಆ ಕೈಯನ್ನು ಹತ್ತಿಯೊಳಗೆ ಇಳಿಸಿದಳು. ಮೊಣಕೈವರೆಗೆ ಒಳಗೆ ಹೋಯಿತು. ಒಳಗೆ ಬೆಚ್ಚಗಿತ್ತು. ಎರಡು ಬೆರಳು ಸಡಿಲ ಬಿಟ್ಟರೆ ಮುಗಿಯಿತು.

ಆದರೆ ಚಿಂದಿಗೆ ಅರ್ಧ ದಿನ ಕೂರುವುದು ಗೊತ್ತಿಲ್ಲ. ತೆಗೆಯುವವರೆಗೆ ಕೂರುವುದೇ ಗೊತ್ತು. ಇವರು ಮೊದಲು ವೈದ್ಯರನ್ನು ಕರೆಸುತ್ತಾರೆ, ಆಮೇಲೆ ಟಿವಿಯವರಿಗೆ ಹೇಳುತ್ತಾರೆ, ಕೊನೆಗೆ ಅವಳನ್ನು ನೆನೆಸಿಕೊಳ್ಳುತ್ತಾರೆ. ಅಷ್ಟು ದಿನವೂ ಅವನು ಬಟ್ಟಲು ಪಕ್ಕದಲ್ಲೇ ಇದ್ದರೂ ನಾಲಿಗೆ ಹೊರಚಾಚದೆ, ಯಾರಿಗೂ ಚುಚ್ಚದಿರಲಿ ಎಂದು ಕಾಯುತ್ತಾ ಕೂತಿರುತ್ತಾನೆ. ಅವಳು ಮರೆತದ್ದನ್ನು ಕಾಯುವುದು ಬೇರೆ. ಬೇಕೆಂದೇ ಇಟ್ಟದ್ದನ್ನೂ ಅವನು ಅಷ್ಟೇ ನಂಬಿಕೆಯಿಂದ ಕಾಯುತ್ತಾನೆ. ಅದನ್ನು ನೆನೆದಾಗ ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

ಕೈ ಹೊರಗೆ ತೆಗೆದಳು. ಸೂಜಿ ಬೆರಳಲ್ಲೇ ಇತ್ತು. ಉಳಿದ ಒಂದು ಮೊಳವನ್ನು ಅದರಿಂದಲೇ ಹೊಲಿದು ಗಂಟು ಹಾಕಿದಳು.

ತಮ್ಮ ಬಂದಾಗ ಸೂಜಿಗಳ ಉಂಡೆಯನ್ನು ಅವನ ಮುಂದಿಟ್ಟಳು. ‘ಎಣಿಸು.’

‘ಏಳಿದೆ.’

‘ಮುಟ್ಟಿ ಎಣಿಸು. ನನ್ನ ಮೇಲೆ ನನಗೆ ನಂಬಿಕೆ ಇಲ್ಲ.’

ಅವನು ಒಂದೊಂದನ್ನೂ ಮುಟ್ಟಿ ಎಣಿಸಿದ. ಏಳು. ಅಕ್ಕನ ಮುಖ ನೋಡಿ, ಹಾಸಿಗೆ ಹೊತ್ತುಕೊಂಡು ಹೋದ.

ಮಾರನೆಯ ದಿನ ಬೆಳಿಗ್ಗೆ ಏಳಕ್ಕೆ ಬೀದಿಯ ಅರ್ಧ ಜನ ಇಸ್ತ್ರಿ ಅಂಗಡಿಯ ಮುಂದೆ ಸೇರಿದ್ದರು. ಹೊಸ ಹಾಸಿಗೆಯನ್ನು ಬಿಸಿಲಿರುವ ಜಗಲಿಯ ಮೇಲೆ ಹಾಸಿದ್ದರು. ಪಕ್ಕದಲ್ಲಿ ಕುರ್ಚಿಯ ಮೇಲೆ ನಾಯಕರ ತಾಯಿ, ಸೊಂಟ ನೆಟ್ಟಗೆ ಮಾಡಿ ಕೂತಿದ್ದರು. ಪುಟ್ಟದೊರೆ ಬಂದು ಹಾಸಿಗೆಯ ಮೇಲೆ ಕಾಲಿಟ್ಟ. ಇಟ್ಟವನೇ ತಟಕ್ಕನೆ ನಿಂತು, ಮೂಗನ್ನು ಬಟ್ಟೆಗೆ ಒತ್ತಿ ಹಿಡಿದ. ಆಮೇಲೆ ನಾಲ್ಕು ಮೂಲೆ ಮೂಸಿದ. ನಡುವೆ ಬಂದ. ಮತ್ತೆ ಮೂಲೆಗೆ ಹೋದ. ಎರಡನೆಯ ಸುತ್ತು ಮುಗಿಸಿ ಮೂರನೆಯ ಸುತ್ತು ಶುರು ಮಾಡಿದ. ಒಂದು ಕಡೆ ಕಾಲಿನಿಂದ ಕೆರೆದು, ಕಿವಿಯಿಟ್ಟು, ಮತ್ತೆ ಮೂಸಿದ.

‘ಪುಟ್ಟದೊರೆಯವರು ಹೊಸ ಹಾಸಿಗೆಯ ಗುಣಮಟ್ಟ ಪರೀಕ್ಷಿಸುತ್ತಿದ್ದಾರೆ!’ ಎಂದು ಟಿವಿಯವಳು ನಕ್ಕಳು. ಬೀದಿಯವರೂ ನಕ್ಕರು.

ನಾಲ್ಕನೆಯ ಸುತ್ತಿಗೆ ಅವನು ನಿಂತ. ತಲೆ ಎತ್ತಿ ಬಾಗಿಲ ಕಡೆ ನೋಡಿದ, ಮುದುಕಿಯ ಕಡೆ ನೋಡಿದ. ಮುದುಕಿ ಕನ್ನಡಕ ತೆಗೆದು ಮುಖ ಆ ಕಡೆ ತಿರುಗಿಸಿಕೊಂಡರು. ಇನ್ನೊಂದು ಸಲ ನಡುವೆ ಮೂಸಿ, ಕೊನೆಗೆ ಅವನು ಮುದುರಿಕೊಂಡು ಮಲಗಿದ. ಮೂಗನ್ನು ಹೊಲಿಗೆಯ ಅಂಚಿಗೆ ತುರುಕಿ ಕಣ್ಣು ಮುಚ್ಚಿದ. ಜನ ಚಪ್ಪಾಳೆ ತಟ್ಟಿದರು. ಇಸ್ತ್ರಿಯವನು ಕಣ್ಣೊರೆಸಿಕೊಂಡ.

‘ಏನೂ ಇಟ್ಟಿಲ್ಲ ಕಂದಾ,’ ಎಂದಳು ಹಾಸಿಗೆಯಕ್ಕ. ‘ಹುಡುಕಬೇಡ.’

‘ಏನಂದ್ರಿ ಅಕ್ಕಾ?’ ಎಂದು ಇಸ್ತ್ರಿಯವನು ತಿರುಗಿದ.

‘ಒಳ್ಳೆ ನಿದ್ದೆ ಬಂದಿದೆ ಅಂದೆ,’ ಎಂದಳು ಅವಳು.